ಮಳೆಯಲ್ಲಿ ನಿಂತಿದ್ದ ಬಾಲಯೇಸು

ಬೇರೆಯವರ ಮನೆಯ ದೇವರನ್ನು ಕೇಳದೆ ಎತ್ತಿಕೊಂಡು ಬಂದವಳು ಸಿಡ್ನಿಯ ನಮ್ಮ ಇಡೀ ಮಾರ್ಸ್ಡನ್ ಪಾರ್ಕ್ ಬಡಾವಣೆಯಲ್ಲಿ ನಾನೊಬ್ಬಳೇ ಇರಬೇಕು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ.

ಪಕ್ಕದ ಮನೆಯ ಅಜ್ಜಿ ಐರ್ಲೆಂಡಿನವರು. ಮದುವೆಯಾದ ಹೊಸತರಲ್ಲಿ ಸಿಡ್ನಿಗೆ ಬಂದವರು, ಈಗ ಮಗಳ ಜೊತೆ ಇದ್ದರು. ಮೂಗಿಗೆ ಆಕ್ಸಿಜನ್ ಪೈಪ್, ಹಿತ್ತಲಿನ ಕಡೆಯ ಕಿಟಕಿಗೆ ಹೊಂದಿಕೊಂಡ ಮಂಚ. ಮನೆ ಬಿಟ್ಟು ಎಲ್ಲಿಗೂ ಕರೆದೊಯ್ಯಬೇಡಿ ಎಂದು ಡಾಕ್ಟರ್ ಹೇಳಿದ್ದರು. ಮೊಮ್ಮಗಳು ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಕೆಲಸದಲ್ಲಿದ್ದಳು. ಅಲ್ಲೇ ನೀರಿನ ದಂಡೆಯಲ್ಲಿ ಮದುವೆಗೆ ಜಾಗ ಬುಕ್ ಮಾಡಿದ್ದಳು. ಅಜ್ಜಿಗಾಗಿ ಅದನ್ನು ಕ್ಯಾನ್ಸಲ್ ಮಾಡಿ ಮದುವೆಯನ್ನು ಸಿಡ್ನಿಯ ಈ ಪುಟ್ಟ ಹಿತ್ತಲಿಗೇ ತಂದಳು. ಕಿಟಕಿಯಿಂದ ಅಜ್ಜಿ ನೋಡಬೇಕು, ಅಷ್ಟೇ. ಮಳೆ ಬಂದರೆ ಎಲ್ಲರೂ ಕಾರಿನಲ್ಲಿ ಅರ್ಧ ಗಂಟೆ ದೂರದ ಹಾಲ್‌ಗೆ ಹೋಗುವುದು, ಅಜ್ಜಿ ಇಲ್ಲದೆ. ಅಜ್ಜಿಯ ಕೋಣೆಯಲ್ಲೇ ಮಾಡೋಣವೆಂದರೆ ಅವರು ಸುತರಾಂ ಒಪ್ಪಿರಲಿಲ್ಲ. ಹಾಸಿಗೆ ಹಿಡಿದವಳ ಪಕ್ಕ ಹೊಸ ಬದುಕು ಶುರುವಾಗಬಾರದು ಎಂದು ಅವರ ಹಟ.

ಸಂಜೆ ಚಹಾದ ಹೊತ್ತಿಗೆ ಅವರ ಪಕ್ಕ ಕೂತು ಅವರ ಊರಿನ ಮದುವೆ ಶಾಸ್ತ್ರಗಳನ್ನೆಲ್ಲ ಕೇಳಿದ್ದೆ. ಮದುಮಗಳಿಗೆ ಮೊದಲ ಶುಭಾಶಯ ಗಂಡಸೇ ಹೇಳಬೇಕು, ಹೆಂಗಸು ಹೇಳಿದರೆ ಅಪಶಕುನ. ದೃಷ್ಟಿ ತಾಗದಂತೆ ಮದುಮಕ್ಕಳಿಗೆ ಉಪ್ಪು ಹಾಕಿದ ಓಟ್ಸ್ ಗಂಜಿ ಮೂರು ಚಮಚ. ಕುಣಿಯುವಾಗ ಮದುಮಗಳ ಎರಡೂ ಕಾಲು ಒಟ್ಟಿಗೆ ನೆಲ ಬಿಡಬಾರದು, ಬಿಟ್ಟರೆ ಯಕ್ಷಿಣಿಯರು ಹೊತ್ತೊಯ್ಯುತ್ತಾರೆ. ಧಾರವಾಡದಲ್ಲಿ ನಮ್ಮ ಅತ್ತೆ ಶಾಸ್ತ್ರ ಹೇಳುವ ಧಾಟಿಯಲ್ಲೇ ಹೇಳುತ್ತಿದ್ದರು, ಯಾಕೆ ಎಂದು ಕೇಳಿದರೆ ಬರುವ ಸಿಟ್ಟೂ ಹಾಗೇ. ಬಾಲಯೇಸುವಿನ ಸುದ್ದಿ ಮಾತ್ರ ಎತ್ತಿರಲಿಲ್ಲ.

ಮದುವೆಯ ಹಿಂದಿನ ಸಂಜೆ ಆಫೀಸಿನಿಂದ ಬರುತ್ತೇನೆ, ಅವರ ಮನೆ ಮುಂದಿನ ಬೇಲಿಗಿಡದ ಕೆಳಗೆ ಗೇಣುದ್ದದ ಬಾಲಯೇಸು! ತಲೆಗೆ ಕಿರೀಟ, ಕೆಂಪು ನಿಲುವಂಗಿ, ಆಶೀರ್ವಾದಕ್ಕೆ ಎತ್ತಿದ ಪುಟ್ಟ ಕೈ. ಮೇಲೆ ಜಿನುಗು ಮಳೆ. ಮನೆ ತೊಳೆಯುವ ಗಡಿಬಿಡಿಯಲ್ಲಿ ಹೊರಗಿಟ್ಟು ಮರೆತಿದ್ದಾರೆ ಅಂದುಕೊಂಡೆ. ಬೆಲ್ ಒತ್ತಿದೆ, ಎಲ್ಲರೂ ಹಿತ್ತಲಿನಲ್ಲಿದ್ದರೋ ಏನೋ, ಯಾರೂ ಬರಲಿಲ್ಲ. ಸ್ಕಾರ್ಫಿನಲ್ಲಿ ಸುತ್ತಿ ಮನೆಗೆ ತಂದೆ.

"ಹುಚ್ಚೇನ ನಿನಗ? ಮಂದಿ ದೇವರನ್ನ ಕೇಳಲಾರದ ತರತಾರೇನ?" ಎಂದರು ನಮ್ಮ ಮನೆಯವರು.

"ಕೂಸು ಮಳ್ಯಾಗ ತೊಯ್ಯಾಕತ್ತಿತ್ತರೀ. ಮುಂಜಾನೆ ಕೊಟ್ಟು ಬರ್ತೀನಿ."

"ಅಮ್ಮಾ, ದಟ್ಸ್ ಲಿಟರಲಿ ಸ್ಟೀಲಿಂಗ್," ಎಂದಳು ಮಗಳು.

ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಮೂರ್ತಿಯನ್ನು ಒರೆಸಿ, ದೇವರ ಕಪಾಟಿನಲ್ಲಿ ಗಣಪತಿಯ ಪಕ್ಕ ನಿಲ್ಲಿಸಿ ದೀಪ ಹಚ್ಚಿದೆ. ಮಗುವಲ್ಲವೇ ಎಂದು ಹಾಲು, ಸಕ್ಕರೆಯ ನೈವೇದ್ಯವನ್ನೂ ಮಾಡಿದೆ.

ಬೆಳಿಗ್ಗೆ ಧೋ ಎಂದು ಮಳೆ. ಅಜ್ಜಿಯ ಮಗಳು ಕೊಡೆ ಹಿಡಿದು ಬೇಲಿಗಿಡದ ಬುಡ ತಡಕಾಡುತ್ತಿದ್ದಳು. ಮದುವೆಯ ಹಿಂದಿನ ದಿನ ಬಾಲಯೇಸುವನ್ನು ಹೊರಗಿಟ್ಟರೆ ಮರುದಿನ ಬಿಸಿಲು ಬರುತ್ತದಂತೆ. ಅಜ್ಜಿಯ ಅಮ್ಮ, ಅವರ ಅಮ್ಮ ಎಲ್ಲರೂ ಇಟ್ಟವರೇ. ಯಾರೋ ಕದ್ದಿದ್ದಾರೆ, ಅಮ್ಮನಿಗೆ ಇನ್ನೂ ಹೇಳಿಲ್ಲ, ಹಾಲ್‌ಗೆ ಫೋನ್ ಮಾಡಿಯಾಯಿತು ಎಂದಳು. ಆ ಕಳ್ಳಿ ನಾನೇ! ನಮ್ಮಲ್ಲಿ ಮಳೆ ಬೇಕೆಂದರೆ ಗರ್ಭಗುಡಿಯ ಬಾಗಿಲು ಕಟ್ಟಿ ಈಶ್ವರ ಮುಳುಗುವವರೆಗೆ ನೀರು ತುಂಬಿಸುತ್ತಾರೆ. ದೇವರನ್ನು ತೋಯಿಸುವುದೂ ಅವನಿಗೆ ಅರ್ಜಿ ಹಾಕುವ ಒಂದು ರೀತಿ ಎಂದು ಗೊತ್ತಿದ್ದ ನನಗೇ ಇದು ಹೊಳೆಯಲಿಲ್ಲವಲ್ಲ! ಮಳೆಗೂ ನನಗೂ ಸಂಬಂಧವಿಲ್ಲ ಎಂದು ಬುದ್ಧಿ ಹೇಳುತ್ತಿತ್ತು. ಆದರೆ ನನ್ನಿಂದಲೇ ಅಜ್ಜಿಗೆ ಮೊಮ್ಮಗಳ ಮದುವೆ ತಪ್ಪಿತು ಎಂದು ಅಳು ಬಂತು.

ಬಾಲಯೇಸುವನ್ನು ಎದೆಗವಚಿಕೊಂಡು ಹೋಗಿ ಅಜ್ಜಿಯ ಕೈಗಿಟ್ಟು ಎಲ್ಲ ಹೇಳಿದೆ. ಅವರ ಮಗಳೂ ನನ್ನ ಹಿಂದೆಯೇ ಕೋಣೆಗೆ ಬಂದಳು. ಮೂರ್ತಿಯ ಪೀಠಕ್ಕೆ ಏನೋ ಅಂಟಿಕೊಂಡಿತ್ತು. ಅಜ್ಜಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಇದೇನು?"

"ಸಕ್ಕರೆ. ಮಗು ಅಲ್ವಾ ಅಂತ..."

ಅಜ್ಜಿ ಮೂರ್ತಿಯನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ, "ನನ್ನ ಮದುವೆಯ ದಿನ ಎಂಥ ಬಿಸಿಲು ಗೊತ್ತಾ? ಐದನೇ ವರ್ಷಕ್ಕೆ ನನ್ನವನು ತೀರಿಹೋದ," ಎಂದರು. "ಬಿಸಿಲು ಬೇಕು ಬೇಕು ಅಂತ ನಾವು ಇವನನ್ನು ಹೊರಗೆ ಅಟ್ಟುತ್ತಲೇ ಬಂದೆವು. ಚಳಿಯಾಯಿತಾ ಅಂತ ಒಬ್ಬರೂ ಕೇಳಲಿಲ್ಲ." ಮಗಳ ಕಡೆ ತಿರುಗಿದರು. "ಶಕುನ ನೋಡಿದ್ದು ಸಾಕು. ಹಾಲ್ ಬೇಡ ಅಂತ ಹೇಳು. ಹುಡುಗ ಹುಡುಗಿ ಇಬ್ಬರನ್ನೂ ಇಲ್ಲಿಗೆ ಕರಿ, ನನ್ನ ಕೋಣೆಗೆ."

ಮನೆಯವರೆಲ್ಲ ವಾರಗಟ್ಟಲೆ ಬೇಡಿಕೊಂಡರೂ ಬಗ್ಗದ ಹಟ ನನ್ನ ದಡ್ಡತನಕ್ಕೆ ಬಗ್ಗಿತ್ತು.

ಕೋಣೆಯಲ್ಲಿ ಹಿಡಿಸಿದ್ದು ಹತ್ತು ಮಂದಿ. ಉಳಿದವರೆಲ್ಲ ಹಿತ್ತಲಿನಲ್ಲಿ ಕೊಡೆ ಹಿಡಿದು ಕಿಟಕಿಯ ಒಳಗೆ ನೋಡುತ್ತ ನಿಂತೆವು. ಒಳ್ಳೊಳ್ಳೆ ಬಟ್ಟೆ ಹಾಕಿಕೊಂಡ ಅಷ್ಟು ಜನ ಮಳೆಯಲ್ಲಿ ಒಂದು ಮಾತಿಲ್ಲದೆ ನಿಂತದ್ದನ್ನು ನಾನು ಕಂಡಿರಲೇ ಇಲ್ಲ. ಬೂಟಿನೊಳಗೆ ನೀರು ಹೋದರೂ ಯಾರೂ ಕದಲಲಿಲ್ಲ.

ಮದುಮಗಳು ಪ್ರಮಾಣದ ಮಾತು ಹೇಳುತ್ತಿದ್ದಾಗ ಅಜ್ಜಿಗೆ ಕೆಮ್ಮು ಹತ್ತಿತು, ಬಿಡಲೇ ಇಲ್ಲ. ನಿಲ್ಲಿಸಬೇಡ, ಮುಂದೆ ಹೇಳು ಎಂದು ಅಜ್ಜಿ ಕೈಸನ್ನೆ ಮಾಡುತ್ತಿದ್ದರು. ಅವಳು ಹುಡುಗನ ಕೈ ಬಿಟ್ಟು, ಮದುವೆಯ ಬಟ್ಟೆಯಲ್ಲೇ ಮಂಚದ ಮೇಲೆ ಕುಳಿತು ಅಜ್ಜಿಯನ್ನು ಎದೆಗೊರಗಿಸಿಕೊಂಡಳು. ಹುಡುಗ ನೀರಿನ ಲೋಟ ಹಿಡಿದ. ಅಜ್ಜಿಯ ಉಸಿರು ಹದಕ್ಕೆ ಬಂದ ಮೇಲೂ ಅವಳು ಏಳಲಿಲ್ಲ. ಅವರನ್ನು ಹಾಗೇ ಹಿಡಿದುಕೊಂಡು, ಅಲ್ಲೇ ಕುಳಿತು, ಉಳಿದ ಅರ್ಧ ಮಾತನ್ನು ಮುಗಿಸಿದಳು.