ಎಡಮೂಲೆಯ ಹಳದಿ ಚೀಟಿ

ಕೆಂಪಯ್ಯ ಮೇಷ್ಟ್ರು ಮಾತಿನ ಮಲ್ಲರು. ಮಾಗಡಿ ಕಡೆಯ ಕೆಂಪಾಪುರದಲ್ಲಿ ಹುಟ್ಟಿದ ಈ ಮನುಷ್ಯ ಬಸ್ಸಿನಲ್ಲಿ ಪಕ್ಕ ಕೂತವರ ಊರು, ಬೆಳೆ, ಬೀಗರು ಎಲ್ಲವನ್ನೂ ತಿಳಿದುಕೊಂಡೇ ಇಳಿಯುವವರು. ಇಂಥವರನ್ನು ಹಾಕಬೇಕಾದದ್ದು ಸಂತೆಮಾಳದ ಪಕ್ಕದ ಶಾಲೆಗೆ. ಇಲಾಖೆ ಹಾಕಿದ್ದು ಕಬ್ಬಾಳಿನಿಂದಾಚೆ, ಬೆಟ್ಟದ ಹಿಂಬದಿಯ ಒಂದು ದೊಡ್ಡಿಗೆ; ಪುಟ್ಟ ಹಳ್ಳಿಗೆ ಆ ಕಡೆ ದೊಡ್ಡಿ ಅನ್ನುತ್ತಾರೆ. ಕಿರಿಯ ಪ್ರಾಥಮಿಕ ಶಾಲೆ, ಒಬ್ಬರೇ ಮೇಷ್ಟ್ರು. ಬಂದಾಗ ಮಕ್ಕಳಾದರೂ ಕೋಣೆ ತುಂಬ ಇದ್ದರು. ಆಮೇಲೆ ಕಾನ್ವೆಂಟಿನ ವ್ಯಾನು ಊರೊಳಗೆ ಬರತೊಡಗಿತು. ಒಂದೊಂದು ಮನೆಯ ಮಕ್ಕಳೂ ಅದನ್ನು ಹತ್ತುತ್ತಾ ಹತ್ತುತ್ತಾ ಕೊನೆಗೆ ಉಳಿದವಳು ನಾಲ್ಕನೇ ಕ್ಲಾಸಿನ ಚೈತನ್ಯ ಒಬ್ಬಳೇ.

ಹೆಂಡತಿ ತೀರಿಕೊಂಡ ಮೇಲೆ ಮೇಷ್ಟ್ರಿಗೆ ಕನಕಪುರದ ಬಾಡಿಗೆ ಮನೆಯಲ್ಲೂ ಮಾತಿಗೆ ಯಾರೂ ಇರಲಿಲ್ಲ. ಹಾಗಾಗಿ ದಿನದ ಮಾತೆಲ್ಲ ಆ ಹುಡುಗಿಯ ಪಾಲಿಗೆ. ಬೆಳಿಗ್ಗೆ ಎದ್ದು ನಿಂತು ಗಂಭೀರವಾಗಿ ಹಾಜರಿ ಕರೆಯುತ್ತಿದ್ದರು, ಒಂದೇ ಹೆಸರಿಗೆ. ಅವಳೂ ಎದ್ದು ನಿಂತು "ಬಂದಿವ್ನಿ ಸಾ" ಎನ್ನುತ್ತಿದ್ದಳು.

"ಎದುರ್ಗೇ ಕುಂತವ್ಳೆ, ಕಾಣಕಿಲ್ವಾ ಮೇಷ್ಟ್ರೇ?" ಎಂದು ಬಿಸಿಯೂಟದ ಯಲ್ಲಮ್ಮ ನಗುತ್ತಿದ್ದಳು.

"ಇಸ್ಕೂಲು ಅಂದ್ಮೇಲೆ ಹಾಜರಿ ಇರ್ಬೇಕು ಕಣಮ್ಮ."

ಈ ಹುಡುಗಿಯೂ ಹೋದರೆ ಶಾಲೆಗೆ ಬೀಗವೇ. ಅದು ಮೂವರಿಗೂ ಗೊತ್ತಿತ್ತು.

ಆದರೆ ಒಂದು ಮಗು ಎಷ್ಟೆಂದು ಮೇಷ್ಟ್ರ ಮುಖ ನೋಡೀತು? ಚೈತನ್ಯಳ ಮಾತು ಬರಬರುತ್ತಾ ಕಡಿಮೆಯಾಯಿತು. ಊಟದ ಬಿಡುವಿನಲ್ಲಿ ಅಂಗಳದಲ್ಲಿ ಕುಂಟಾಬಿಲ್ಲೆಯ ಮನೆ ಬರೆದು, ತನ್ನ ಸರದಿ ಆಡಿ, ಆಮೇಲೆ ಇಲ್ಲದ ಗೆಳತಿಯ ಸರದಿಯನ್ನೂ ತಾನೇ ಆಡುತ್ತಿದ್ದಳು. ಅದನ್ನು ಮೇಷ್ಟ್ರು ಒಂದು ದಿನ ಕಿಟಕಿಯಿಂದ ಕಂಡರು.

ರಾಮನಗರದ ತರಬೇತಿಯಲ್ಲಿ ತೋರಿಸಿದ್ದ ಆನ್‌ಲೈನ್ ಬೋರ್ಡು ನೆನಪಾದದ್ದು ಆಗಲೇ. ಎಲ್ಲೆಲ್ಲೋ ಕೂತವರು ಒಂದೇ ಬೋರ್ಡಿನ ಮೇಲೆ ಒಟ್ಟಿಗೆ ಬರೆಯಬಹುದು. ಒಬ್ಬರು ಅಂಟಿಸಿದ ಬಣ್ಣದ ಚೀಟಿಯನ್ನು ಇನ್ನೊಬ್ಬರು ಎಳೆದು ಬೇರೆ ಕಡೆ ಇಡಬಹುದು. ತರಬೇತಿಯಲ್ಲಿ ಪಕ್ಕ ಕೂತಿದ್ದ ಹಾರೋಹಳ್ಳಿಯ ಖುರ್ಷಿದಾ ಟೀಚರಿಗೆ ಫೋನ್ ಮಾಡಿದರು. ಪ್ರತಿ ಗುರುವಾರ ಎರಡೂ ಶಾಲೆಯ ನಾಲ್ಕನೇ ಕ್ಲಾಸು ಒಂದೇ ಬೋರ್ಡಿನಲ್ಲಿ ಎಂದು ಮಾತಾಯಿತು. ಆ ಮಕ್ಕಳಿಗೆ ಕಂಪ್ಯೂಟರ್ ಕೋಣೆ ಇತ್ತು. ಇಲ್ಲಿ ಸಿಗ್ನಲ್ ಸಿಗುವುದೇ ಜಗಲಿಯ ತುದಿಯಲ್ಲಿ; ಅಲ್ಲೇ ಚಾಪೆ, ಅಲ್ಲೇ ಮೇಷ್ಟ್ರ ಟ್ಯಾಬು. ಬೋರ್ಡಿನ ಎಡಮೂಲೆಗೆ ಗೆರೆ ಎಳೆದು 'ನಮ್ಮ ಶಾಲೆ' ಎಂದು ಬರೆದರು. ಬಲಗಡೆ ಹಾರೋಹಳ್ಳಿಯ ಚೀಟಿಗಳು ಕಿಕ್ಕಿರಿದಿರುತ್ತಿದ್ದವು, ಎಡಗಡೆ ಚೈತನ್ಯಳ ಹಳದಿ ಚೀಟಿ ಒಂದೇ.

ಮೊದಲ ವಾರದ ವಿಷಯ ಮನೆಯ ಸುದ್ದಿ. 'ನಮ್ಮ ಹುಳಕ್ಕೆ ಮೂರನೇ ಜ್ವರ' ಎಂದು ಚೈತನ್ಯ ಬರೆದಳು. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುವುದಕ್ಕೆ ಈ ಕಡೆ ಜ್ವರ ಅನ್ನುತ್ತಾರೆ. ಫ್ಯಾಕ್ಟರಿ ಕೆಲಸದವರ ಮಕ್ಕಳಿಗೆ ಅದೇನು ಗೊತ್ತು? 'ಪಾಪ, ಮಾತ್ರೆ ಕೊಡಿ' ಎಂದು ಒಂದು ಚೀಟಿ, 'ಇಂಜೆಕ್ಷನ್ ಹಾಕ್ಸಿ' ಎಂದು ಇನ್ನೊಂದು. ಚೈತನ್ಯ ಬಿದ್ದು ಬಿದ್ದು ನಕ್ಕಳು. ಯಲ್ಲಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು. ಆ ಮಗು ನಗುವುದನ್ನು ಕೇಳಿ ಅಷ್ಟು ಕಾಲವಾಗಿತ್ತು.

ಅಲ್ಲಿಂದ ಹುಡುಗಿ ಗುರುವಾರಕ್ಕೆ ಕಾಯತೊಡಗಿದಳು. ಒಂದು ಸಲ ಹಾರೋಹಳ್ಳಿಯ ಯಾರೋ ಅವಳ ಹಳದಿ ಚೀಟಿಯನ್ನು ಮೆಲ್ಲಗೆ ಎಳೆದು ತಮ್ಮ ಚೀಟಿಗಳ ನಡುವೆ ಕೂರಿಸಿಕೊಂಡರು. ಚೈತನ್ಯಳ ಮುಖ ಅರಳಿತು. ಮೇಷ್ಟ್ರಿಗೆ ಯಾಕೋ ತಡೆಯಲಾಗಲಿಲ್ಲ.

"ನಮ್ ಚೀಟಿ ನಮ್ ಕಡೇನೇ ಇರ್ಲಿ ಕಣವ್ವ," ಎಂದು ಬೆರಳಿಟ್ಟು ಎಡಮೂಲೆಗೆ ವಾಪಸು ಎಳೆದರು.

ದಸರಾ ರಜೆ ಮುಗಿದ ಮೇಲೆ ಅವಳ ತಾಯಿ ಜ್ಯೋತಿಲಕ್ಷ್ಮಿ ಶಾಲೆಗೆ ಬಂದಳು. ಹಾರೋಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕೆಲಸ. ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು, ಅವಳು ಏಳುವ ಮುಂಚೆ ಹೋಗಿ ಮಲಗುವ ಹೊತ್ತಿಗೆ ಬರುವವಳು. ಹೋದ ವರ್ಷವೇ ಅಲ್ಲೊಂದು ರೂಮು ಮಾಡಲು ಹೊರಟಿದ್ದಳು. ಆಗ ಚೈತನ್ಯ ಮನೆಯ ಕಂಬ ತಬ್ಬಿಕೊಂಡು ಬಿಟ್ಟಿರಲಿಲ್ಲ.

"ಅಲ್ಲಿ ನಂಗ್ಯಾರೂ ಗೊತ್ತಿಲ್ಲ, ಬರಾಕಿಲ್ಲ ಅಂದಿದ್ಲು ಮೇಷ್ಟ್ರೇ. ಈಗ ಅವ್ಳೇ ದುಂಬಾಲು ಬಿದ್ದವ್ಳೆ. ಅಲ್ಲಿ ಎಲ್ರೂ ಗೊತ್ತು, ಹೋಗವಾ ಅಂತಾಳೆ. ನೀವೊಂದ್ ಮಾತು ಹೇಳಿ, ಆ ಇಸ್ಕೂಲ್ಗೆ ಹೊಂದ್ಕತಾಳಾ? ಈ ವರ್ಸ ಇಲ್ಲೇ ಇರ್ಲಿ ಅಂದ್ರೆ ಇಲ್ಲೇ ಬುಡ್ತೀನಿ."

ಮಾತಿನ ಮಲ್ಲರಿಗೆ ಇಲ್ಲಿ ಬೇಕಿದ್ದದ್ದು ಒಂದೇ ಮಾತು. ಇರಲಿ ಎಂದುಬಿಟ್ಟರೆ ಸಾಕಿತ್ತು. ಶಾಲೆಯೂ ಇರುತ್ತಿತ್ತು, ಬೆಳಿಗ್ಗೆ ಕರೆಯಲು ಒಂದು ಹೆಸರೂ ಇರುತ್ತಿತ್ತು. ಹೊರಗೆ ಚೈತನ್ಯ ಬಿಲ್ಲೆ ಎಸೆದು, ಇಲ್ಲದ ಗೆಳತಿಯ ಸರದಿ ಆಡುತ್ತಿದ್ದಳು.

"ಹೊಂದ್ಕತಾಳೆ ಕಣಮ್ಮ," ಎಂದರು. "ಕರ್ಕೊಂಡೋಗು."

ಟಿ.ಸಿ. ಬರೆದುಕೊಟ್ಟ ದಿನ ಯಲ್ಲಮ್ಮ ಅವರಿಗೆ ಊಟ ಬಡಿಸುತ್ತಾ, "ನೀವೇ ದಾರಿ ತೋರಿಸ್ಬುಟ್ರಿ," ಎಂದಳು. ಬೈಗುಳದಂತೆ ಹೇಳಲಿಲ್ಲ. ಮೇಷ್ಟ್ರು ತಲೆ ಎತ್ತದೆ ಮುದ್ದೆ ಮುರಿದರು.

ಇಲಾಖೆಯ ಆದೇಶ ಬರುವ ತನಕ ಶಾಲೆಯ ಬಾಗಿಲು ತೆಗೆಯಲೇಬೇಕಿತ್ತು. ಮುಂದಿನ ಗುರುವಾರ ಯಲ್ಲಮ್ಮನೂ ಬರಲಿಲ್ಲ; ಯಾರಿಗೆಂದು ಒಲೆ ಹಚ್ಚುವುದು? ಮೇಷ್ಟ್ರು ಹೊತ್ತಿಗೆ ಸರಿಯಾಗಿ ಜಗಲಿಯ ತುದಿಗೆ ಚಾಪೆ ಹಾಸಿ ಟ್ಯಾಬು ತೆರೆದರು. ಬಲಗಡೆ ಹಾರೋಹಳ್ಳಿಯ ಚೀಟಿಗಳು ಒಂದೊಂದಾಗಿ ಮೂಡಿದವು. ಸ್ವಲ್ಪ ಹೊತ್ತಿಗೆ ಎಡಮೂಲೆಯಲ್ಲಿ, 'ನಮ್ಮ ಶಾಲೆ'ಯ ಕೆಳಗೆ, ಹಳದಿ ಚೀಟಿಯೊಂದು ಬಂತು.

'ಬಂದಿವ್ನಿ ಸಾ.'

ಬೋರ್ಡಿಗೆ ಯಾರು ಬಂದರೂ ಹೆಸರು ಕಾಣುತ್ತದೆ, ಮೇಷ್ಟ್ರ ಹೆಸರು ನೋಡಿ ಬರೆದಿದ್ದಳು. ಕ್ಲಾಸು ತುಂಬ ಮಕ್ಕಳ ನಡುವೆ ಕೂತೂ ಚೀಟಿಯನ್ನು ಇಲ್ಲಿಗೇ ಅಂಟಿಸಿದ್ದಳು. ಮೇಷ್ಟ್ರಿಗೆ ಪೀರಿಯಡ್ ಮುಗಿಯುವವರೆಗಾದರೂ ಇಲ್ಲೇ ಇರಲಿ ಅನ್ನಿಸಿತು. ಎದ್ದು ನಿಂತು, ಖಾಲಿ ಅಂಗಳಕ್ಕೆ ಕೇಳುವಂತೆ, "ಚೈತನ್ಯ" ಎಂದು ಹಾಜರಿ ಕರೆದರು.

ಆಮೇಲೆ ಕೂತು, ಹಳದಿ ಚೀಟಿಯ ಮೇಲೆ ಬೆರಳಿಟ್ಟು, ಗೆರೆ ದಾಟಿಸಿ, ಆ ಮಕ್ಕಳ ಚೀಟಿಗಳ ನಡುವೆ ತಂದು ಬಿಟ್ಟರು. ಅತ್ತ ಕಡೆಯಿಂದ ಯಾರಾದರೂ ಅದನ್ನು ವಾಪಸು ಎಳೆಯುತ್ತಾರೇನೋ ಎಂದು ತುಂಬ ಹೊತ್ತು ನೋಡುತ್ತಾ ಕೂತರು. ಯಾರೂ ಎಳೆಯಲಿಲ್ಲ.