ಅಂಗಗಳ ದೊರೆ

ಕತಾರಿನ ದೋಹಾ ಅಲ್ ಜದೀದಾದ ನಮ್ಮ ವರ್ಕ್‌ಶಾಪಿನಲ್ಲಿ ಯಜ್ಞೇಶನಷ್ಟು ಮಾತು ಕಡಿಮೆಯ ಮನುಷ್ಯ ಇನ್ನೊಬ್ಬನಿರಲಿಲ್ಲ. ಕಾಪುವಿನವನು. ವಸ್ತುಪ್ರದರ್ಶನಗಳಿಗೆ ಫೈಬರ್ ಮಾಡೆಲ್ ಮಾಡುವುದು ಅವನ ಕೆಲಸ. ಅವನು ಮಾಡಿದ ಮೀನಿಗೆ ಬೆಕ್ಕು ಬಾಯಿ ಹಾಕೀತು ಎಂದು ನಾವು ತಮಾಷೆ ಮಾಡುತ್ತಿದ್ದೆವು. ಕಳೆದ ಚಳಿಗಾಲ ಹಳೆಯ ಕಾಲದ ಅರಬಿ ವೈದ್ಯರ ಕುರಿತ ಪ್ರದರ್ಶನಕ್ಕೆ ಹೃದಯ, ಮಿದುಳು, ಲಿವರ್ ಮೂರನ್ನೂ ಮಾಡಬೇಕಿತ್ತು. ಯಜ್ಞೇಶ ಮಿದುಳನ್ನೇ ಎಲ್ಲಕ್ಕಿಂತ ದೊಡ್ಡದು ಮಾಡಿಟ್ಟ.

ಪ್ರದರ್ಶನದ ಬರಹಗಳನ್ನು ಅರಬಿಯಿಂದ ಅನುವಾದಿಸುತ್ತಿದ್ದ ಬಂಟ್ವಾಳದ ಫಾಯಿಝ್ ಅದನ್ನು ನೋಡಿ ತಲೆ ಚಚ್ಚಿಕೊಂಡ.

"ಎಂತ ಮಾಡಿದ್ದು ಮಾರಾಯಾ? ಆ ಹಕೀಮರ ಲೆಕ್ಕದಲ್ಲಿ ಹೃದಯವೇ ದೊರೆ. ಮಿದುಳು ಅರಿವಿಗೆ, ಲಿವರ್ ಪೋಷಣೆಗೆ. ಆದ್ರೆ ಜೀವದ ಬಿಸಿ ಹೃದಯದಿಂದಲೇ ಹೊರಡುದು. ಅದು ನಿಂತ್ರೆ ಖಲಾಸ್."

ಯಜ್ಞೇಶ ಹೃದಯವನ್ನು ಹೊಸದಾಗಿ, ದೊಡ್ಡದಾಗಿ ಮಾಡಿದ.

ಅದೇ ವಾರ ಅವನ ಹೆಂಡತಿ ರಶ್ಮಿತಾ ಅಡುಗೆಮನೆಯಲ್ಲಿ ಕುಸಿದಳು. ಮಿದುಳಿನಲ್ಲಿ ರಕ್ತಸ್ರಾವ. ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ಪರೀಕ್ಷೆ ಮಾಡಿದ ಮೇಲೆ ಡಾಕ್ಟರು ಹೇಳಿದರು: ಮಿದುಳು ಸತ್ತಿದೆ, ಅಂದರೆ ಆಕೆ ತೀರಿಕೊಂಡಿದ್ದಾರೆ, ಈ ಉಸಿರು ಯಂತ್ರದ್ದು. ಲಿವರ್ ಕೊಟ್ಟರೆ ಇನ್ನೊಬ್ಬರು ಬದುಕಬಹುದು. ನೀವು ಬೇಡವೆಂದರೂ ತಪ್ಪಿಲ್ಲ.

ಯಜ್ಞೇಶ ಅಳಲಿಲ್ಲ. ಕ್ಯಾಂಟೀನಿನಲ್ಲಿ ಕೂತು ಸಮೋಸ ತಿಂದ. ಕಾರಿಗೆ ಪಾರ್ಕಿಂಗ್ ಎಲ್ಲಿ ಸಿಕ್ಕಿತು ಎಂದು ನನ್ನನ್ನು ಕೇಳಿದ. ಅಯ್ಯೋ, ಇವನಿಗೆ ಕರುಳೆಂಬುದೇ ಇಲ್ಲವೇ ಎಂದು ನನಗೆ ಮೈಯೆಲ್ಲ ಉರಿಯಿತು.

ಫಾಯಿಝ್ ಬಂದಾಗ ಮಾತ್ರ ಅವಳ ಬಗ್ಗೆ ಬಾಯಿ ಬಿಟ್ಟ. "ಅವಳ ಎದೆ ಬಡೀತಾ ಉಂಟು. ಮೈ ಬಿಸಿ ಉಂಟು. ದೊರೆ ಇದ್ದಾನಲ್ಲ? ನಿನ್ನ ಹಕೀಮರು ಎಂತ ಹೇಳ್ತಾರೆ?"

ಫಾಯಿಝ್ ಕಣ್ಣೊರೆಸಿಕೊಂಡ. "ಅವರು ಇಂಥ ಮಷೀನ್ ನೋಡ್ಲೇ ಇಲ್ಲ ಮಾರಾಯಾ. ಆಗ ಉಸಿರು ನಿಂತ್ರೆ ಎದೆಯೂ ನಿಲ್ತಿತ್ತು. ನಿನಗೆ ಹೇಳ್ಲಿಕ್ಕೆ ಅವರ ಹತ್ರ ಎಂತದೂ ಇಲ್ಲ. ನಾನು ಸುಳ್ಳು ಹೇಳುದಿಲ್ಲ."

ಯಜ್ಞೇಶ ಎದ್ದು ಹೋಗಿ ಡಾಕ್ಟರಿಗೆ ಒಪ್ಪಿಗೆ ಹೇಳಿದ. ಎದೆ ನಿಲ್ಲುವವರೆಗೆ ಪಕ್ಕದಲ್ಲಿ ಕೂರಬಹುದೇ ಎಂದು ಕೇಳಿದ, ಅಷ್ಟೇ.

ಆಗುವುದಿಲ್ಲ ಎಂದರು ಡಾಕ್ಟರು, ಮೆಲ್ಲಗೆ. ಲಿವರ್ ಕೆಡಬಾರದು ಎಂದರೆ ಎದೆ ಬಡಿಯುತ್ತಿರುವಾಗಲೇ ಆಪರೇಷನ್ ಥಿಯೇಟರಿಗೆ ಒಯ್ಯಬೇಕು.

ಯಜ್ಞೇಶ ಅವಳ ಎದೆಯ ಮೇಲೆ ಕೈಯಿಟ್ಟ. ನರ್ಸುಗಳು ಮಂಚ ತಳ್ಳತೊಡಗಿದಾಗಲೂ ತೆಗೆಯಲಿಲ್ಲ. ಹಾಗೆಯೇ ಥಿಯೇಟರಿನ ಬಾಗಿಲವರೆಗೂ ನಡೆದ. ಅಲ್ಲಿ ಅವನ ಬೆರಳುಗಳನ್ನು ನಾನೇ ಬಿಡಿಸಬೇಕಾಯಿತು. ಅವಳ ಎದೆ ಬಡಿಯುತ್ತಲೇ ಇತ್ತು, ನನ್ನ ಕೈಗೂ ತಾಗಿತು.