ಅಕ್ಕ ಕೇಳಿದ ಕ್ಷಮೆ

ಹಂದಿಜ್ವರ ಹಬ್ಬಿದ್ದ ವರ್ಷ, ಮಗಳ ಮದುವೆಯ ಸೀರೆ ಕೊಳ್ಳಲೆಂದು ಅಕ್ಕ ರಾಯಚೂರಿನಿಂದ ಲಿಂಗಂಪಲ್ಲಿಯ ನನ್ನ ಮನೆಗೆ ಬಂದಿದ್ದಳು. ಕೋಠಿ ಬಜಾರಿನ ಗದ್ದಲದಲ್ಲಿ ಮಾಸ್ಕನ್ನು ಗದ್ದಕ್ಕಿಳಿಸಿಕೊಂಡು ಚೌಕಾಸಿ ಮಾಡುತ್ತಿದ್ದ ಅವಳನ್ನು ಕಂಡು ನನಗೆ ಸಿಟ್ಟು ನೆತ್ತಿಗೇರಿತು.

"ನಿನ್ನಂಥಾರಿಂದನ ರೋಗ ಹಬ್ಬಾಕತ್ತೈತಿ!" ಎಂದು ಅಂಗಡಿಯವರೆದುರೇ ಗದರಿದೆ. ಅವಳು ಮಾಸ್ಕ್ ಏರಿಸಿಕೊಂಡಳು.

ಅದೇ ವಾರ ನನಗೆ ಜ್ವರ ಬಂತು. ನನಗೆ ಗಂಜಿ ಕಾಸಿಕೊಡುತ್ತಲೇ ಅಕ್ಕನೂ ಹಾಸಿಗೆ ಹಿಡಿದಳು. ಆಫೀಸಿನಿಂದ ಫೋನ್ ಬಂದಾಗ, ಪಕ್ಕದ ಸೀಟಿನ ಗೆಳೆಯನಿಗೆ ನನಗಿಂತ ಮೊದಲೇ ಹಂದಿಜ್ವರ ಬಂದಿತ್ತೆಂದು ತಿಳಿಯಿತು. ಅವನು ಕೆಮ್ಮುತ್ತಿದ್ದರೂ ನಾವಿಬ್ಬರೂ ಮಾಸ್ಕ್ ತೆಗೆದಿಟ್ಟು ಒಂದೇ ಡಬ್ಬಿಯಲ್ಲಿ ಊಟ ಮಾಡಿದ್ದೆವು.

"ತಮ್ಮಾ, ಬಜಾರದಾಗಿಂದ ನಾನ ತಂದು ನಿನಗ ಹಚ್ಚಿದೆ. ತಪ್ಪಾತಪ್ಪಾ," ಎಂದು ಅಕ್ಕ ಕಣ್ಣೊರೆಸಿಕೊಂಡಳು.

"ಅಲ್ಲಕ್ಕಾ, ನನ್ನಿಂದ ನಿನಗ ಬಂದೈತಿ," ಎಂದು ಡಬ್ಬಿಯ ವಿಷಯವನ್ನೆಲ್ಲ ಹೇಳಿದೆ.

ಅವಳು ನಂಬಲಿಲ್ಲ. "ನೀ ಭಾಳ ಹುಷಾರಿರಾಂವ. ನನ್ನ ಸಮಾಧಾನಕ್ಕ ಹೇಳಾಕತ್ತಿ."

ಇಬ್ಬರೂ ಗುಣವಾದೆವು. ಮದುವೆಯಲ್ಲಿ ಅವಳು ತನ್ನಿಂದ ತಮ್ಮನಿಗೆ ಜ್ವರ ಬಂದ ಕಥೆಯನ್ನು ಬೀಗರಿಗೆಲ್ಲ ಹೇಳುತ್ತಿದ್ದಳು. ನಾನು ತಿದ್ದಲು ಹೋದಷ್ಟೂ ಅವರು ನನ್ನನ್ನೇ ಒಳ್ಳೆಯ ತಮ್ಮನೆಂದು ಹೊಗಳಿದರು.